ಯುಗಾದಿ ಒಳಗೆ 4 ಲಕ್ಷ ಚಿಲ್ಲರೆ: ವಾಟ್ಸಾಪ್ ಮಾತು ಪ್ರೊನೋಟ್ ಆಗುತ್ತಾ?

[ದೃಶ್ಯ: ಹಳೇ ಮನೆಯ ಜಗಲಿ. ಎದುರಿಗೆ ಅಡಿಕೆ ತೋಟ. ಜೋರು ಮಳೆ.]

ನಮಸ್ಕಾರ. ಹೋದ ಚೌತಿಗೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗುವ ಊರು. ಹಬ್ಬದೂಟ ಮುಗಿದಿತ್ತು. ಹೊರಗೆ ಒಂದೇ ಸಮ ಮಳೆ. ಜಗಲಿಯಲ್ಲಿ ಕೂತು ಕವಳ ಹಾಕಿಕೊಳ್ಳುತ್ತಿದ್ದ ದೊಡ್ಡಪ್ಪ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಆ ವರ್ಷ ಅವರ ತೋಟದ ಚೇಣಿ ಹಿಡಿದವರು ಕಳಿಸಿದ ವಾಟ್ಸಾಪ್ ಮೆಸೇಜ್ ಅದು.

“ರೇಟ್ ನೋಡ್ಕೊಂಡು ಯುಗಾದಿ ಒಳಗೆ ಬಾಕಿ 4 ಲಕ್ಷ ಚಿಲ್ಲರೆ ಹಾಕ್ತೀನಿ ಅಣ್ಣ.”

ದೊಡ್ಡಪ್ಪ ಕೇಳಿದರು: “ಇದು ಪ್ರೊನೋಟ್ ಆಗುತ್ತೇನೋ?” ಪ್ರೊನೋಟು ಅಂದರೆ ಇಷ್ಟು ಹಣ ಕೊಡ್ತೀನಿ ಅಂತ ಬರೆದು ಸಹಿ ಹಾಕಿ ಕೊಡುವ ಕಾಗದ.

“ಆಗಬೇಕಲ್ಲ ದೊಡ್ಡಪ್ಪ, ಬರೆದೇ ಕೊಟ್ಟಿದ್ದಾರಲ್ಲ” ಅಂದೆ. ಶಿವಮೊಗ್ಗಕ್ಕೆ ವಾಪಸ್ ಬಂದು ಕಾನೂನು ತೆಗೆದು ಓದಿದೆ. ನಾನು ಹೇಳಿದ್ದು ತಪ್ಪು. ಅವತ್ತೇ ರಾತ್ರಿ ಫೋನ್ ಮಾಡಿ ಹೇಳಿದೆ. ಆದರೆ ಯಾಕೆ ತಪ್ಪು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನನ್ನನ್ನು ಬಿಡಲೇ ಇಲ್ಲ. ಹಾಗಾಗಿ ಈ ವಿಡಿಯೋ.

ಚೇಣಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅಡಿಕೆ ಗೊನೆ ಇನ್ನೂ ಮರದ ಮೇಲಿರುವಾಗಲೇ ಫಸಲನ್ನು ಒಬ್ಬರಿಗೆ ಮಾತಾಡಿ ಕೊಡುವುದು. ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲಾ ಅವರದ್ದೇ. ತೋಟದವರಿಗೆ ಮುಂಗಡ ಒಂದಿಷ್ಟು ಬರುತ್ತದೆ, ಉಳಿದದ್ದು ಆಮೇಲೆ. ಈ ‘ಆಮೇಲೆ’ ಅನ್ನುವ ಪದವನ್ನು ನೆನಪಿಟ್ಟುಕೊಳ್ಳಿ. ಗಾಂಧಿ ಬಜಾರಿನಲ್ಲಿ ಹೂವು ಕೊಂಡು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದುಡ್ಡು ಹೋಯ್ತು, ವ್ಯವಹಾರ ಮುಗೀತು. ಅದು ‘ಈಗ’ದ ದುಡ್ಡು. ದೊಡ್ಡಪ್ಪನದ್ದು ‘ಆಮೇಲೆ’ಯ ದುಡ್ಡು. ನಮ್ಮ ದೇಶದಲ್ಲಿ ‘ಈಗ’ಕ್ಕೆ ಯುಪಿಐ ಬಂತು. ‘ಆಮೇಲೆ’ಗೆ ಇರುವುದು 1881ರ ಕಾನೂನು.

[ತೆರೆಯ ಮೇಲೆ: ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, 1881]

ಕೋರ್ಟ್ ಹತ್ತಿರ ಎಲ್ಲರೂ ಇದನ್ನು ಎನ್‌ಐ ಆಕ್ಟ್ ಅಂತಾರೆ. 1882ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಇದರಲ್ಲಿ ಮೂರು ನೆಗೋಶಿಯೇಬಲ್ ಕಾಗದಗಳಿವೆ, ಅಂದರೆ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಬಹುದಾದವು. ನಾನು ಕೊಡ್ತೀನಿ ಅಂತ ಬರೆದರೆ ಪ್ರೊನೋಟು. ನೀನು ಅವರಿಗೆ ಕೊಡು ಅಂತ ಇನ್ನೊಬ್ಬರಿಗೆ ಬರೆದರೆ ಬಿಲ್ಲು, ಅಂದರೆ ಬಿಲ್ ಆಫ್ ಎಕ್ಸ್‌ಚೇಂಜ್. ಆ ಇನ್ನೊಬ್ಬರು ಬ್ಯಾಂಕ್ ಆಗಿದ್ದು, ಕೇಳಿದ ತಕ್ಷಣ ಕೊಡಬೇಕು ಅಂತಿದ್ದರೆ ಚೆಕ್ಕು. ಬುನಾದಿ ಇಷ್ಟು ಸಾಕು.

ಈಗ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬರ್ತೀನಿ. ಸೆಕ್ಷನ್ 4. ಪ್ರೊನೋಟು ಅಂದರೆ ಏನು ಅಂತ ಹೇಳಿ, ಕೆಳಗೆ ಉದಾಹರಣೆಗಳನ್ನು ಕೊಟ್ಟಿದ್ದಾರೆ. ಯಾವುದು ಪ್ರೊನೋಟ್ ಹೌದು, ಯಾವುದು ಅಲ್ಲ ಅಂತ. ಆ ‘ಅಲ್ಲ’ಗಳನ್ನು ಕೇಳಿ. ಬಿ, ಸಿ, ಡಿ ಅಂದರೆ ಉದಾಹರಣೆಯಲ್ಲಿ ಬರುವ ಜನ.

“ಸಿ ಜೊತೆ ನನ್ನ ಮದುವೆ ಆದ ಏಳು ದಿನಕ್ಕೆ ಬಿಗೆ 500 ರೂಪಾಯಿ ಕೊಡುತ್ತೇನೆ.” ಇದು ಪ್ರೊನೋಟ್ ಅಲ್ಲ. ಯಾಕೆ? ಮದುವೆ ಆಗದೇ ಹೋಗಬಹುದು.

“ಡಿ ಸತ್ತಾಗ 500 ರೂಪಾಯಿ ಕೊಡುತ್ತೇನೆ, ಅವರು ನನಗೆ ಅಷ್ಟು ಬಿಟ್ಟು ಹೋಗಿದ್ದರೆ.” ಅಲ್ಲ. ಸಾವು ಬಂದೇ ಬರುತ್ತದೆ, ಅದಕ್ಕೆ ತಕರಾರಿಲ್ಲ. ಆದರೆ ಆ ‘ಬಿಟ್ಟು ಹೋಗಿದ್ದರೆ’ ಅನ್ನುವುದು ಷರತ್ತು.

“500 ರೂಪಾಯಿ ಮತ್ತು ಅವರಿಗೆ ಸಲ್ಲಬೇಕಾದ ಬೇರೆ ಎಲ್ಲಾ ಹಣ ಕೊಡುತ್ತೇನೆ.” ಅಲ್ಲ. ಬೇರೆ ಹಣ ಅಂದರೆ ಎಷ್ಟು?

ಮತ್ತೆ ನನಗೆ ಅತೀ ಇಷ್ಟವಾದದ್ದು: “ಮುಂದಿನ ಜನವರಿ 1ಕ್ಕೆ 500 ರೂಪಾಯಿಯನ್ನೂ ನನ್ನ ಕಪ್ಪು ಕುದುರೆಯನ್ನೂ ಕೊಡುತ್ತೇನೆ.” ಇದೂ ಅಲ್ಲ. ಪ್ರೊನೋಟಿನಲ್ಲಿ ದುಡ್ಡು ಮಾತ್ರ ಇರಬೇಕು. ಕುದುರೆ ಸೇರಿದರೆ ಅದು ಬೇರೆ ಒಪ್ಪಂದ. ನಮ್ಮ ಕಡೆ ಕುದುರೆ ಬದಲು “ಜೊತೆಗೆ ಎರಡು ಮೂಟೆ ಚಾಲಿ ಅಡಿಕೆ” ಅಂತ ಬರೆದುಕೊಳ್ಳಿ. ಫಲ ಅದೇ.

ಆ ಕಪ್ಪು ಕುದುರೆ ಇವತ್ತಿಗೂ ಕಾನೂನಿನ ಪುಸ್ತಕದಲ್ಲಿದೆ. ಕಾನೂನು ಅಂದರೆ ಅರ್ಥವಾಗದ ಭಾಷೆ ಅಂತ ನಾವು ಹೆದರುತ್ತೇವೆ, ಅಲ್ವಾ? ಆದರೆ ಇದನ್ನು ಬರೆದವರು ಮದುವೆ, ಸಾವು, ಕುದುರೆ ಇಟ್ಟುಕೊಂಡು ಹೇಳಿದ್ದಾರೆ. ಮನುಷ್ಯರು ಮಾತು ಕೊಡುವಾಗ ಎಲ್ಲೆಲ್ಲಿ ಜಾರಿಕೊಳ್ಳುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

[ತೆರೆಯ ಮೇಲೆ: ಮೆಸೇಜ್ ಮತ್ತೆ. ಒಂದೊಂದೇ ಪದ ಕೆಂಪಾಗುತ್ತದೆ.]

ಈಗ ದೊಡ್ಡಪ್ಪನ ಮೆಸೇಜನ್ನು ಪಕ್ಕದಲ್ಲಿಟ್ಟು ನೋಡೋಣ.

“ರೇಟ್ ನೋಡ್ಕೊಂಡು.” ಇದು ಷರತ್ತು. ರೇಟ್ ಬಿದ್ದರೆ ಏನು? ಮದುವೆಯ ಉದಾಹರಣೆ ಇಲ್ಲೇ ಬಂತು.

“4 ಲಕ್ಷ ಚಿಲ್ಲರೆ.” ಚಿಲ್ಲರೆ ಅಂದರೆ ಐದು ಸಾವಿರವೂ ಹೌದು, ಎಂಬತ್ತು ಸಾವಿರವೂ ಹೌದು. ಮೊತ್ತ ಖಚಿತ ಇರಬೇಕು ಅನ್ನುತ್ತದೆ ಕಾನೂನು.

“ಯುಗಾದಿ ಒಳಗೆ.” ಇಲ್ಲಿ ಮಾತ್ರ ಚೇಣಿದಾರರು ಪಾಸ್. ಆಗಿಯೇ ಆಗುವ ಘಟನೆಯನ್ನು ಗಡುವಾಗಿ ಇಡಬಹುದು ಅಂತ ಸೆಕ್ಷನ್ 5 ಹೇಳುತ್ತದೆ. ಯುಗಾದಿ ಬಂದೇ ಬರುತ್ತದೆ.

ಸಹಿ ಇಲ್ಲ. “ಅಣ್ಣ” ಅಂತ ಪ್ರೀತಿ ಇದೆ, ಹೆಸರಿಲ್ಲ.

ಆದರೆ ಇವೆಲ್ಲಾ ಸರಿಮಾಡಬಹುದಾದ ತಪ್ಪುಗಳು. ಮೊತ್ತ ಸರಿಯಾಗಿ ಬರೆದು, ಷರತ್ತು ತೆಗೆದು, ಡಿಜಿಟಲ್ ಸಹಿಯನ್ನೂ ಹಾಕಿ ಕಳಿಸಿದರು ಅಂದುಕೊಳ್ಳಿ. ಆಗಲಾದರೂ ಪ್ರೊನೋಟ್ ಆಗುತ್ತಾ? ಆಗಲ್ಲ. ಅದಕ್ಕೆ ಆಮೇಲೆ ಬರ್ತೀನಿ. ಅದಕ್ಕೂ ಮೊದಲು ಇದೇ ಕಾನೂನಿನ ಮೊದಲ ಸೆಕ್ಷನ್ನಿನಲ್ಲಿರುವ ಒಂದು ಸಾಲು ನೋಡಲೇಬೇಕು.

ಸೆಕ್ಷನ್ 1 ಹೇಳುತ್ತದೆ: ಪೌರ್ವಾತ್ಯ ಭಾಷೆಯಲ್ಲಿ ಬರೆದ ಕಾಗದಗಳಿಗೆ ಸಂಬಂಧಪಟ್ಟ ಸ್ಥಳೀಯ ರೂಢಿಯನ್ನು ಈ ಕಾನೂನು ಮುಟ್ಟುವುದಿಲ್ಲ.

ನಾನು ಇದನ್ನು ಎರಡು ಸಲ ಓದಿದೆ. ಬ್ರಿಟಿಷರು ಇಡೀ ದೇಶಕ್ಕೆ ಒಂದು ಕಾನೂನು ಮಾಡುತ್ತಿದ್ದಾರೆ. ಅವರ ಸ್ವಂತ ದೇಶದ ಬಿಲ್ಸ್ ಆಫ್ ಎಕ್ಸ್‌ಚೇಂಜ್ ಆಕ್ಟ್ ಬಂದದ್ದು 1882ರಲ್ಲಿ, ನಮ್ಮದಕ್ಕಿಂತ ಒಂದು ವರ್ಷ ಆಮೇಲೆ. ಅಂಥ ಹೊತ್ತಿನಲ್ಲಿ ಅವರು ಹುಂಡಿಯನ್ನು ಅದರ ರೂಢಿಗೇ ಬಿಟ್ಟುಬಿಟ್ಟರು. ನಮಗೆ ಇವತ್ತು ಹುಂಡಿ ಅಂದರೆ ಸಿಗಂದೂರಿನಲ್ಲೋ ಇನ್ನೊಂದು ದೇವಸ್ಥಾನದಲ್ಲೋ ಕಾಣಿಕೆ ಹಾಕುವ ಡಬ್ಬ. ವ್ಯಾಪಾರಿಗಳ ಹುಂಡಿ ಬೇರೆ. ಅದು ಕಾಗದ. ಇಲ್ಲಿ ದುಡ್ಡು ಕಟ್ಟಿ ಚೀಟಿ ತಗೊಂಡರೆ, ದೂರದ ಊರಿನ ಸಾಹುಕಾರರು ಆ ಚೀಟಿ ನೋಡಿ ದುಡ್ಡು ಕೊಡುತ್ತಿದ್ದರು. ನೋಡಿದ ಕೂಡಲೇ ಕೊಡಬೇಕಾದದ್ದು ದರ್ಶನಿ ಹುಂಡಿ. ಇಷ್ಟು ದಿನ ಕಳೆದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಪೇಟೆಯಲ್ಲಿ ಜನ ನಂಬಿಕೊಂಡು ಬಂದ ಪದ್ಧತಿ. ಅದರ ನಿಯಮಗಳು ಜನರ ರೂಢಿಯಲ್ಲೇ ಇದ್ದವು.

ಕನ್ನಡವೂ ಈ ಪೌರ್ವಾತ್ಯ ಭಾಷೆಯ ಲೆಕ್ಕಕ್ಕೆ ಬರುತ್ತದೆ. ಹಾಗಂತ ಕನ್ನಡದಲ್ಲಿ ಬರೆದ ಪ್ರೊನೋಟಿಗೆ ಕಾನೂನೇ ಇಲ್ಲ ಅಂತ ಅರ್ಥ ಅಲ್ಲ. ಕಾನೂನಿಗಿಂತ ಬೇರೆಯಾದ ಸ್ಥಳೀಯ ರೂಢಿ ಇದೆ ಅಂತ ತೋರಿಸಿದರೆ ಆ ರೂಢಿ ನಿಲ್ಲುತ್ತದೆ, ಇಲ್ಲದಿದ್ದರೆ ಕಾನೂನೇ. ನನಗೆ ಮುಖ್ಯ ಅನ್ನಿಸಿದ್ದು ಅವರು ಯೋಚಿಸಿದ ರೀತಿ. ಜನ ಈಗಾಗಲೇ ಯಾವುದರಲ್ಲಿ ಮಾತು ಕೊಡುತ್ತಿದ್ದಾರೆ ಅಂತ 1881ರಲ್ಲಿ ನೋಡಿದರು, ಅದಕ್ಕೆ ಜಾಗ ಬಿಟ್ಟರು.

[ದೃಶ್ಯ: ಹಳೇ ಪಂಚಾಂಗ. ಅದರೊಳಗಿಂದ ಒಂದು ಲಕೋಟೆ.]

ಈಗ ಚೆಕ್ಕು. ದೊಡ್ಡಪ್ಪನಿಗೆ ಪ್ರೊನೋಟಿನ ಚಿಂತೆ ಯಾಕೆ ಬಂತು ಅಂತ ಅವತ್ತೇ ಗೊತ್ತಾಯ್ತು. ಪಂಚಾಂಗದ ಒಳಗಿಂದ ಒಂದು ಲಕೋಟೆ ತೆಗೆದು ತೋರಿಸಿದರು. ಒಳಗೆ ಕೆಲವು ವರ್ಷದ ಹಿಂದಿನ ಚೆಕ್ಕು. ಕೊಟ್ಟವರು ಆಗಿನ ಚೇಣಿದಾರರು, ಈಗಿನವರಲ್ಲ. ಮಡಿಕೆಯಲ್ಲಿ ಸವೆದಿದೆ. ಅದಕ್ಕೆ ಪಿನ್ ಮಾಡಿದ ಬ್ಯಾಂಕಿನ ಮೆಮೊ, ಖಾತೆಯಲ್ಲಿ ಹಣ ಸಾಲದು ಅಂತ. ಪಿನ್ ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆ ಬಿದ್ದಿತ್ತು.

ಚೆಕ್ ಬೌನ್ಸ್ ಆದಾಗ ಕೊಟ್ಟವರು, “ಸ್ವಲ್ಪ ದಿನ ಬಿಟ್ಟು ಇನ್ನೊಂದು ಸಲ ಹಾಕಿ” ಅಂದರಂತೆ. ಇವರು ನಂಬಿ ಕಾದರು. ಆಮೇಲೆ ಕೊಯ್ಲು ಬಂತು, ಮಗಳ ಬಾಣಂತನ ಬಂತು. ಲಾಯರ್ ಹತ್ತಿರ ಹೋಗುವ ಹೊತ್ತಿಗೆ ಎಲ್ಲಾ ಗಡುವೂ ಮುಗಿದಿತ್ತು. ಆ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬರಲೇ ಇಲ್ಲ.

ದಯವಿಟ್ಟು ಈ ಗಡುವುಗಳನ್ನು ಬರೆದಿಟ್ಟುಕೊಳ್ಳಿ. ಚೆಕ್ಕಿನ ಮೇಲಿರುವ ತಾರೀಕಿನಿಂದ ಮೂರು ತಿಂಗಳು ಮಾತ್ರ ಅದಕ್ಕೆ ಜೀವ. ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್ 1ರಿಂದ ಮೂರಾಯ್ತು. ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ತಲುಪಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಸಮಯ. ಆಗಲೂ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಮೊದಲ ನೋಟಿಸ್ ತಪ್ಪಿಹೋದರೂ, ಮೂರು ತಿಂಗಳು ಮುಗಿದಿರದಿದ್ದರೆ ಚೆಕ್ಕನ್ನು ಮತ್ತೆ ಹಾಕಬಹುದು. ಮತ್ತೆ ಬೌನ್ಸ್ ಆದರೆ ಹೊಸ 30 ದಿನ ಸಿಗುತ್ತದೆ. ದೊಡ್ಡಪ್ಪನಿಗೆ ಈ ಒಂದು ಮಾತನ್ನು ಆಗ ಯಾರಾದರೂ ಹೇಳಿದ್ದರೆ ಅಂತ ನನಗೆ ಈಗಲೂ ಸಂಕಟ ಆಗುತ್ತದೆ.

ಚೆಕ್ ಬೌನ್ಸಿನ ಈ ಕೇಸು ಎನ್‌ಐ ಆಕ್ಟಿನ ಸೆಕ್ಷನ್ 138ರದ್ದು. ಈ 138 ಕೇಸು 1881ರದ್ದಲ್ಲ. ಸುಮಾರು ನೂರು ವರ್ಷ ಚೆಕ್ ಬೌನ್ಸ್ ಅನ್ನುವುದು ಈ ಕಾನೂನಿನಲ್ಲಿ ಅಪರಾಧ ಆಗಿರಲಿಲ್ಲ. 1988ರ ತಿದ್ದುಪಡಿಯಿಂದ ಬಂತು, 1989ರ ಏಪ್ರಿಲ್ 1ಕ್ಕೆ ಜಾರಿಯಾಯ್ತು. ಆಗ ಗರಿಷ್ಠ ಒಂದು ವರ್ಷ ಜೈಲು, 2002ರ ತಿದ್ದುಪಡಿಯಲ್ಲಿ ಅದು ಎರಡು ವರ್ಷ ಆಯ್ತು. ದಂಡ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ. ಪ್ರೊನೋಟಿಗೆ ಈ ಬಲ ಇಲ್ಲ, ಅದಕ್ಕೆ ಸಿವಿಲ್ ದಾವೆ ಮಾತ್ರ. ಸಾಲ ಕೊಡುವವರು ಪ್ರೊನೋಟಿನ ಜೊತೆ ಖಾಲಿ ಚೆಕ್ಕನ್ನೂ ಕೇಳುವುದು ಇದಕ್ಕೇ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವವರು ಹುಷಾರು. ತಾನಾಗಿ ಸಹಿ ಹಾಕಿ ಕೊಟ್ಟ ಚೆಕ್ಕಿನಲ್ಲಿ ಉಳಿದದ್ದನ್ನು ಬೇರೆಯವರು ತುಂಬಿದ್ದರೂ, ಅದು ಸಾಲಕ್ಕೆ ಕೊಟ್ಟದ್ದು ಅಂತಲೇ ಕೋರ್ಟ್ ಮೊದಲು ಭಾವಿಸುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಸಹಿ ಹಾಕಿದವರದ್ದು. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ಕೇಸು ಎಲ್ಲಿ ಹಾಕಬೇಕು ಅನ್ನುವುದೂ ನಮ್ಮ ಕಡೆಯವರಿಗೆ ದೊಡ್ಡ ಪ್ರಶ್ನೆ. ನಮ್ಮ ಅಡಿಕೆ ಉತ್ತರ ಭಾರತಕ್ಕೆ ಹೋಗುತ್ತದೆ, ಅಲ್ಲಿಯ ಬ್ಯಾಂಕಿನ ಚೆಕ್ಕು ಇಲ್ಲಿಗೆ ಬರುತ್ತದೆ. 2014ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ಚೆಕ್ ಬರೆದವರ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲೇ ಕೇಸು. ಅಂದರೆ ಸಾಗರದವರು ಕಾನ್ಪುರಕ್ಕೋ ದೆಹಲಿಗೋ ಹೋಗಬೇಕು! ದುಡ್ಡು ಕಳೆದುಕೊಂಡವರೇ ರೈಲು ಹತ್ತಬೇಕು. 2015ರಲ್ಲಿ ಸಂಸತ್ತು ಇದನ್ನು ತಿರುಗಿಸಿತು. ಈಗ ಚೆಕ್ ಪಡೆದವರು ಅದನ್ನು ತಮ್ಮ ಖಾತೆಗೆ ಹಾಕಿದರೆ, ಆ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ಕೇಸು. ಇದು ನಿಜವಾಗಿ ಜನರ ಕಡೆ ನೋಡಿ ಮಾಡಿದ ತಿದ್ದುಪಡಿ.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಣ್ಣ ಬದಲಾವಣೆ ಇದೆ. 2002ರ ತಿದ್ದುಪಡಿ ಎಲೆಕ್ಟ್ರಾನಿಕ್ ಚೆಕ್ಕನ್ನು ಕಾನೂನಿಗೆ ತಂದಿತು. ಆದರೆ ಹೇಗೆ ಅಂತ ಹೇಳಿತು ಗೊತ್ತಾ? ಅದು ಕಾಗದದ ಚೆಕ್ಕಿನ ‘ಕನ್ನಡಿ ಪ್ರತಿಬಿಂಬ’ ಆಗಿರಬೇಕು ಅಂತ. ಕಂಪ್ಯೂಟರಿನಲ್ಲಿ ಹುಟ್ಟುವ ಚೆಕ್ಕಿಗೆ ಕಾಗದದ ಚೆಕ್ಕಿನ ಮುಖವೇ ಬೇಕು! ಹದಿಮೂರು ವರ್ಷ ಆ ವ್ಯಾಖ್ಯೆ ಹಾಗೇ ಇತ್ತು. 2015ರಲ್ಲಿ ಆ ಕನ್ನಡಿಯನ್ನು ತೆಗೆದರು.

ನಿಜಕ್ಕೂ ಕೆಲಸ ಮಾಡಿದ್ದು ಅದರ ಜೊತೆ ಬಂದ ಇನ್ನೊಂದು ವ್ಯಾಖ್ಯೆ, ಟ್ರಂಕೇಟೆಡ್ ಚೆಕ್. ಮೊದಲು ಹೊರಊರಿನ ಚೆಕ್ ಹಾಕಿದರೆ ಆ ಕಾಗದವೇ ಅಂಚೆಯಲ್ಲೋ ಕೊರಿಯರಿನಲ್ಲೋ ಅಲ್ಲಿಯ ಶಾಖೆಗೆ ಹೋಗಬೇಕಿತ್ತು. ಈಗ ಕಾಗದ ನೀವು ಹಾಕಿದ ಬ್ಯಾಂಕಿನಲ್ಲೇ ನಿಲ್ಲುತ್ತದೆ. ಹೋಗುವುದು ಮೂರು ಚಿತ್ರ: ಮುಂಭಾಗದ್ದು ಎರಡು, ಹಿಂಭಾಗದ್ದು ಒಂದು. ಜೊತೆಗೆ ಕೆಳಗಿನ ಬಿಳಿ ಪಟ್ಟಿಯ ಅಂಕಿಗಳು. ಅದಕ್ಕೇ ಚೆಕ್ಕಿನಲ್ಲಿ ಹೊಡೆದು ತಿದ್ದಬೇಡಿ, ಹೊಸ ಹಾಳೆ ಬರೆಯಿರಿ. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್, ಅಂದರೆ ಬ್ಯಾಂಕುಗಳ ನಡುವೆ ಚೆಕ್ ಇತ್ಯರ್ಥ ಮಾಡುವ ಕೆಲಸ, ದಿನವಿಡೀ ನಡೆಯುತ್ತಿದೆ. ಬೆಳಿಗ್ಗೆ ಹಾಕಿದ ಚೆಕ್ಕಿನ ಹಣೆಬರಹ ಅವತ್ತು ಸಂಜೆಯೇ ತಿಳಿಯುತ್ತದೆ.

[ತೆರೆಯ ಮೇಲೆ: “ಆಗಲ್ಲ” ಅನ್ನುವ ಪದ]

ಈಗ ಬಾಕಿ ಇಟ್ಟ ಉತ್ತರ. ಡಿಜಿಟಲ್ ಸಹಿ ಹಾಕಿದರೂ ಯಾಕೆ ಪ್ರೊನೋಟ್ ಆಗಲ್ಲ?

2000ನೇ ಇಸವಿಯ ಐಟಿ ಆಕ್ಟ್, ಅಂದರೆ ಮಾಹಿತಿ ತಂತ್ರಜ್ಞಾನ ಕಾನೂನು, ಎಲೆಕ್ಟ್ರಾನಿಕ್ ದಾಖಲೆಗೂ ಸಹಿಗೂ ಕಾಗದದ ಬೆಲೆಯನ್ನೇ ಕೊಟ್ಟಿತು. ಆದರೆ ಕೊನೆಯಲ್ಲಿ ಒಂದು ಪಟ್ಟಿ ಇದೆ, ಇವುಗಳಿಗೆ ಈ ಕಾನೂನು ಅನ್ವಯಿಸಲ್ಲ ಅಂತ. ಆ ಪಟ್ಟಿಯಲ್ಲಿ ಚೆಕ್ ಬಿಟ್ಟು ಉಳಿದ ನೆಗೋಶಿಯೇಬಲ್ ಕಾಗದಗಳೆಲ್ಲಾ ಇವೆ. ಅಂದರೆ ಪ್ರೊನೋಟೂ ಇದೆ.

2022ರಲ್ಲಿ ಕೇಂದ್ರ ಸರ್ಕಾರ ಆ ಪಟ್ಟಿಯನ್ನು ತಿದ್ದಿತು. ಕೇಳಿದಾಗ ಕೊಡಬೇಕಾದ ಡಿಮಾಂಡ್ ಪ್ರೊನೋಟು ಮತ್ತು ಬಿಲ್ಲನ್ನು ಎಲೆಕ್ಟ್ರಾನಿಕ್ ಆಗಿ ಮಾಡಬಹುದು. ಆದರೆ ಯಾರ ಪರವಾಗಿ? ರಿಸರ್ವ್ ಬ್ಯಾಂಕ್, ಷೇರುಪೇಟೆ ನೋಡಿಕೊಳ್ಳುವ ಸೆಬಿ, ವಿಮಾ ಪ್ರಾಧಿಕಾರ ಇಂಥ ನಿಯಂತ್ರಕರ ಕೆಳಗಿರುವ ಸಂಸ್ಥೆಗಳ ಪರವಾಗಿ ಮಾತ್ರ.

ಇದನ್ನು ಜಗಲಿಯ ಭಾಷೆಗೆ ತರ್ತೀನಿ. ದೊಡ್ಡಪ್ಪ ಬ್ಯಾಂಕಿನಿಂದ ಬೆಳೆ ಸಾಲ ತಗೊಂಡರೆ, ಬ್ಯಾಂಕಿಗೆ ಅವರು ಎಲೆಕ್ಟ್ರಾನಿಕ್ ಪ್ರೊನೋಟ್ ಬರೆದುಕೊಡಬಹುದು. ಅದೇ ದೊಡ್ಡಪ್ಪನಿಗೆ ಚೇಣಿದಾರರು ಅಂಥದ್ದನ್ನೇ ಬರೆದುಕೊಟ್ಟರೆ ಅದು ಪ್ರೊನೋಟ್ ಅಲ್ಲ. ಸಾಲಗಾರನಾದಾಗ ಅವರ ಡಿಜಿಟಲ್ ಮಾತಿಗೆ ಬೆಲೆ ಇದೆ. ದುಡ್ಡು ಬರಬೇಕಾದವರಾದಾಗ ಅವರಿಗೆ ಕೊಟ್ಟ ಡಿಜಿಟಲ್ ಮಾತಿಗೆ ಆ ಬೆಲೆ ಇಲ್ಲ. ನನಗೆ ಇದು ಸರಿ ಅನ್ನಿಸಲ್ಲ. ಎಚ್ಚರಿಕೆ ಬೇಕು, ಒಪ್ತೀನಿ. ಫೋನಿನ ದಾಖಲೆಯನ್ನು ನಕಲು ಮಾಡುವುದು ಸುಲಭ, ಒಂದೇ ಪ್ರೊನೋಟನ್ನು ನಾಲ್ಕು ಜನರಿಗೆ ತೋರಿಸಿದರೆ ಅಸಲು ಯಾವುದು? ಆದರೆ ಉತ್ತರ ಹುಡುಕಬಹುದು. ಬ್ರಿಟನ್ 2023ರಲ್ಲಿ ಒಂದು ಕಾನೂನು ಮಾಡಿದೆ. ಒಂದು ಸಮಯಕ್ಕೆ ಒಬ್ಬರ ಹಿಡಿತದಲ್ಲೇ ಇರುವಂಥ ನಂಬಬಹುದಾದ ವ್ಯವಸ್ಥೆ ಇದ್ದರೆ, ಎಲೆಕ್ಟ್ರಾನಿಕ್ ಪ್ರೊನೋಟಿಗೂ ಬಿಲ್ಲಿಗೂ ಕಾಗದದ ಬೆಲೆಯೇ ಅಂತ. ಅಲ್ಲಿ ಅದು ಬ್ಯಾಂಕಿಗೆ ಬೇರೆ, ರೈತರಿಗೆ ಬೇರೆ ಅಂತಿಲ್ಲ.

ಸಮಯ ಆಗ್ತಾ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡ್ತೀನಿ. ಇಎಂಐಗೆ ಕೊಟ್ಟ ಆಟೋ ಡೆಬಿಟ್ ಹಣ ಇಲ್ಲದೆ ವಾಪಸ್ ಹೋದರೆ? 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಆಕ್ಟಿನ ಸೆಕ್ಷನ್ 25ರಲ್ಲಿ ಅದಕ್ಕೂ 138ರಂತೆಯೇ ಕೇಸಿದೆ. ಯುಪಿಐನಲ್ಲಿ ಮುಂದಿನ ತಾರೀಕಿಗೆ ಹಣ ಕಾದಿಡುವ ಮ್ಯಾಂಡೇಟ್ 2018ರಲ್ಲೇ ಬಂತು, ಆದರೆ ಅದಕ್ಕೆ ಖಾತೆಯಲ್ಲಿ ಇವತ್ತೇ ಹಣ ಇರಬೇಕು. ಅಡಿಕೆ ಮಾರಿ ಕೊಡ್ತೀನಿ ಅನ್ನುವವರ ಹತ್ತಿರ ಅದೇ ತಾನೇ ಇಲ್ಲದಿರುವುದು? 2018ರ ತಿದ್ದುಪಡಿಯಿಂದ ಚೆಕ್ ಕೇಸು ನಡೆಯುವಾಗಲೇ ಕೋರ್ಟ್ 20%ವರೆಗೆ ಮಧ್ಯಂತರ ಪರಿಹಾರ ಕೊಡಿಸಬಹುದು, ಕೇಳಿ ನೋಡಿ. ಬೇಕಾಗುತ್ತದೆ, ಯಾಕೆಂದರೆ 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ ಚೆಕ್ ಕೇಸುಗಳೇ 35 ಲಕ್ಷಕ್ಕಿಂತ ಜಾಸ್ತಿ. ಮತ್ತೆ ಆ ವಾಟ್ಸಾಪ್ ಮೆಸೇಜನ್ನು ಅಳಿಸಬೇಡಿ. ಪ್ರೊನೋಟ್ ಆಗದಿದ್ದರೂ, ಕಾನೂನು ಕೇಳುವ ಪ್ರಮಾಣಪತ್ರದ ಜೊತೆ ಅದು ಬಾಕಿಗೆ ಸಾಕ್ಷಿ ಆಗುತ್ತದೆ.

[ದೃಶ್ಯ: ಜಗಲಿ. ಮಳೆ ನಿಂತಿದೆ.]

ದೊಡ್ಡಪ್ಪ ಮಾಡಿದ್ದು ಇಷ್ಟು. ಹಬ್ಬ ಕಳೆದ ಮೇಲೆ ಚೇಣಿದಾರರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಲೆಕ್ಕ ಕೂಡಿಸಿದರು. 4 ಲಕ್ಷ ಚಿಲ್ಲರೆ ಅಂದದ್ದು ಲೆಕ್ಕ ಹಾಕಿದಾಗ 4,36,500 ಆಯ್ತು. ಕನ್ನಡದಲ್ಲೇ ಪ್ರೊನೋಟ್ ಬರೆಸಿದರು. ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ. ಸ್ಟಾಂಪ್ ಇಲ್ಲದ ಪ್ರೊನೋಟನ್ನು ಕೋರ್ಟ್ ಸಾಕ್ಷಿಯಾಗಿ ತಗೊಳ್ಳಲ್ಲ, ಆಮೇಲೆ ದಂಡ ಕಟ್ಟಿ ಸರಿಮಾಡಲೂ ಬರಲ್ಲ. ಅದನ್ನು ನಾನೇ ಫೋನಿನಲ್ಲಿ ಹೇಳಿದ್ದೆ. ಜೊತೆಗೆ ಯುಗಾದಿ ಮಾರನೇ ದಿನದ ತಾರೀಕಿನ ಒಂದು ಚೆಕ್ಕು. ಚೇಣಿದಾರರು ಬೇಜಾರು ಮಾಡಿಕೊಳ್ಳಲಿಲ್ಲವಂತೆ. “ಹೀಗೇ ಸರಿ ಅಣ್ಣ, ನಂಗೂ ಲೆಕ್ಕ ಗೊತ್ತಾಯ್ತು” ಅಂದರಂತೆ.

ಸಂಜೆ ದೊಡ್ಡಪ್ಪ ಎರಡರ ಫೋಟೋವನ್ನೂ ನನಗೆ ವಾಟ್ಸಾಪ್ ಮಾಡಿದರು. ಆಮೇಲೆ ಇನ್ನೊಂದು ಫೋಟೋ ಬಂತು. ಅಡಿಗೆಮನೆಯ ಗೋಡೆಯ ಕ್ಯಾಲೆಂಡರ್. ಚೆಕ್ಕಿನ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು. ಪಕ್ಕದಲ್ಲಿ ಅವರ ಗುಂಡು ಅಕ್ಷರದಲ್ಲಿ: “ಇಲ್ಲಿಂದ ಮೂರು ತಿಂಗಳು. ಮರೀಬಾರದು.”